ಕಣ್ಣು ಕೊಟ್ಟವರ ನಂಬಿಕೆ: ಮಿಷನ್ ವೈದ್ಯರ ಸುತ್ತ ಒಂದೂವರೆ ಶತಮಾನದ ವಾದ

ಪೊರೆ ತೆಗೆಸಿಕೊಂಡು ಬಂದ ಅಜ್ಜನೋ, ಕಷ್ಟದ ಹೆರಿಗೆಯಲ್ಲಿ ಜೀವ ಉಳಿಸಿಕೊಂಡು ಬಂದ ಅಜ್ಜಿಯೋ ಮನೆಯ ಮಾತಿನಲ್ಲಿ 'ಮಿಷನ್ ಆಸ್ಪತ್ರೆ'ಯ ಹೆಸರನ್ನು ಬಿಟ್ಟುಹೋದ ಕುಟುಂಬಗಳು ಕರ್ನಾಟಕದಲ್ಲಿ ಬಹಳ. ಅವರಲ್ಲಿ ಹೆಚ್ಚಿನವರು ಕ್ರೈಸ್ತರಾಗಲಿಲ್ಲ. ಎರಡು ಶತಮಾನಗಳ ಮಿಷನ್ ಕೆಲಸದ ನಂತರವೂ 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಕ್ರೈಸ್ತರ ಪಾಲು ಶೇಕಡಾ 1.87 ಮಾತ್ರ. ಹಾಗಾದರೆ ಆ ವೈದ್ಯರು ಸಮುದ್ರ ದಾಟಿ ಬಂದದ್ದು ಯಾಕೆ? ಬಂದವರು ಇಲ್ಲೇ ಉಳಿದದ್ದು ಯಾಕೆ? ಅವರ ಕೈಗೆ ಶಸ್ತ್ರ ಹಿಡಿಸಿದ್ದು ಪ್ರೀತಿಯೋ, ಮತಪ್ರಚಾರದ ಹಂಬಲವೋ, ಆಳುವವರ ಬಲವೋ?

ಒಂದೂವರೆ ಶತಮಾನದಿಂದ ಪಾದ್ರಿಗಳು, ರಾಷ್ಟ್ರೀಯವಾದಿಗಳು, ಇತಿಹಾಸಕಾರರು, ಸ್ವತಃ ಮಿಷನ್ ವೈದ್ಯರು ಈ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ಕಣ್ಣಿನ ವೈದ್ಯರ ಮಟ್ಟಿಗೆ ಅದು ಇನ್ನಷ್ಟು ಹರಿತ. ಜ್ವರ ತಾನಾಗಿಯೂ ಇಳಿಯಬಹುದು. ಪೊರೆ ಬಂದು ಕುರುಡಾದವರಿಗೆ ದೃಷ್ಟಿ ಮರಳಿದರೆ ಅದನ್ನು ಮಾಡಿದ ಕೈ ಯಾರದೆಂದು ಊರಿಗೆಲ್ಲ ಗೊತ್ತಾಗುತ್ತದೆ. ಆ ಕೃತಜ್ಞತೆಯನ್ನು ವೈದ್ಯ ಹೇಗೆ ಬಳಸಿದ ಎನ್ನುವುದರಲ್ಲೇ ವಾದದ ಗಂಟು ಇದೆ.

ಕಣ್ಣಿನಿಂದಲೇ ಶುರುವಾದದ್ದು

ಆಧುನಿಕ ವೈದ್ಯಕೀಯ ಮಿಷನ್ನಿನ ಚರಿತ್ರೆಯ ಮೊದಲ ಪುಟಗಳಲ್ಲೇ ಒಂದು ಕಣ್ಣಾಸ್ಪತ್ರೆ ಸಿಗುತ್ತದೆ. ಅಮೆರಿಕದ ಪೀಟರ್ ಪಾರ್ಕರ್ ದೀಕ್ಷೆ ಪಡೆದ ಪಾದ್ರಿಯೂ ಹೌದು, ವೈದ್ಯನೂ ಹೌದು. 1835ರಲ್ಲಿ ಅವರು ಚೀನಾದ ಕ್ಯಾಂಟನ್ ನಗರದಲ್ಲಿ ತೆರೆದದ್ದು ನೇತ್ರ ಚಿಕಿತ್ಸಾಲಯವನ್ನು. ಪರದೇಶಿಯನ್ನು ಜನ ನಂಬಬೇಕಾದರೆ ಕಣ್ಣೆದುರಿಗೆ ಫಲ ಕಾಣುವ ಕೆಲಸದಿಂದ ತೊಡಗುವುದು ಜಾಣತನವಾಗಿತ್ತು.

ಆದರೆ ಅದನ್ನು ಜಾಣತನವೆಂದಷ್ಟೇ ಓದಿದರೆ ಆ ವೈದ್ಯರ ಒಳಮನಸ್ಸು ಕೈತಪ್ಪುತ್ತದೆ. ಸುವಾರ್ತೆಗಳಲ್ಲಿ ಯೇಸು ಮತ್ತೆ ಮತ್ತೆ ಕುರುಡರ ಎದುರು ನಿಲ್ಲುತ್ತಾರೆ. ಜೆರಿಕೋ ದಾರಿಯ ಭಿಕ್ಷುಕ ಬಾರ್ತಿಮಾಯ ಒಬ್ಬ, ಸಿಲೋವಾ ಕೊಳದಲ್ಲಿ ಕಣ್ಣು ತೊಳೆದುಕೊಂಡ ಹುಟ್ಟುಕುರುಡ ಇನ್ನೊಬ್ಬ. ಈ ಎರಡನೆಯ ಪ್ರಸಂಗ ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದ್ದು. ಈ ಕುರುಡು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರು ಕೇಳುತ್ತಾರೆ. ಯಾರದೂ ಅಲ್ಲ ಎಂದು ಯೇಸು ಆ ಲೆಕ್ಕಾಚಾರವನ್ನೇ ತಳ್ಳಿಹಾಕುತ್ತಾರೆ. ಹಿಂದಿನ ಜನ್ಮದ ಕರ್ಮ ಎಂದು ಕುರುಡನ್ನು ಒಪ್ಪಿಕೊಂಡು ಕುಳಿತ ಮನೆಗಳಿಗೆ ಈ ಪ್ರಸಂಗವನ್ನು ಎದೆಯಲ್ಲಿಟ್ಟುಕೊಂಡ ವೈದ್ಯ ಬಂದಾಗ ಅವನು ಔಷಧಿಯ ಜೊತೆಗೆ ರೋಗದ ಬಗ್ಗೆ ಬೇರೊಂದು ತಿಳಿವಳಿಕೆಯನ್ನೂ ತಂದಿದ್ದ.

ನಂಬಿಕೆಯೊಂದರಿಂದಲೇ ಪೊರೆ ಕಳಚುವುದಿಲ್ಲವಲ್ಲ. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿಗೆ ಕೊಕೇನ್ ಹನಿ ಹಾಕಿ ಆ ಭಾಗವನ್ನಷ್ಟೇ ಮರಗಟ್ಟಿಸಬಹುದೆಂದು ತೋರಿಸಿದರು. ರೋಗಿ ಎಚ್ಚರವಿದ್ದಾಗಲೇ ನೋವಿಲ್ಲದೆ ಪೊರೆ ತೆಗೆಯಲು ಸಾಧ್ಯವಾಯಿತು. ಸಣ್ಣ ಪೆಟ್ಟಿಗೆಯ ಉಪಕರಣ, ಕುದಿಸಿದ ನೀರು, ಒಳ್ಳೆಯ ಬೆಳಕು ಇದ್ದರೆ ಶಾಲೆಯ ಜಗಲಿಯಲ್ಲೂ ಕೆಲಸ ನಡೆಸಬಹುದಿತ್ತು. ಅದಕ್ಕೆ ಮೊದಲು ಹಳ್ಳಿಗಳಲ್ಲಿದ್ದದ್ದು ಅಲೆಮಾರಿ ಕಣ್ಣುವೈದ್ಯರ ಸೂಜಿ. ಪೊರೆಗಟ್ಟಿದ ಮಸೂರವನ್ನು ಅವರು ಹೊರತೆಗೆಯುತ್ತಿರಲಿಲ್ಲ, ಕಣ್ಣಿನೊಳಗೇ ಕೆಳಕ್ಕೆ ತಳ್ಳುತ್ತಿದ್ದರು. ಕೆಲದಿನ ಬೆಳಕು ಕಂಡು ಆಮೇಲೆ ಶಾಶ್ವತವಾಗಿ ಕಣ್ಣು ಕಳೆದುಕೊಂಡವರು ಎಷ್ಟೋ ಮಂದಿ. ಮದ್ರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯ ಮುಖ್ಯಸ್ಥರಾಗಿದ್ದ ರಾಬರ್ಟ್ ಎಲಿಯಟ್ ಈ ಪದ್ಧತಿಯ ಮೇಲೆ ಒಂದು ಇಡೀ ಪುಸ್ತಕವನ್ನೇ ಬರೆದರು.

ಬೀರೂರಿನಿಂದ ಎರಡು ದಿಕ್ಕಿಗೆ

ಕನ್ನಡ ನಾಡಿನ ಮಟ್ಟಿಗೆ ಈ ಚರಿತ್ರೆಯನ್ನು ಬೀರೂರು ಜಂಕ್ಷನ್ನಿನಲ್ಲಿ ನಿಂತು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. ಬೆಂಗಳೂರಿನಿಂದ ಹರಿಹರಕ್ಕೆ ರೈಲು ಬಂದದ್ದು 1889ರಲ್ಲಿ. ಬೀರೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಕವಲು ಒಡೆದದ್ದು 1899ರಲ್ಲಿ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಸ್ಟೇಷನ್ ಆಯಿತು. ಈ ಸೀಮೆಯವರಿಗೆ ಕಣ್ಣಿನ ದೊಡ್ಡ ಚಿಕಿತ್ಸೆ ಎಂದರೆ ಆಗಲೂ ಈಗಲೂ ಒಂದು ಪ್ರಯಾಣ.

ದಕ್ಷಿಣಕ್ಕೆ ಹೋದರೆ ಬೆಂಗಳೂರು. ಅಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು 1886ರಲ್ಲಿ ಆರಂಭಿಸಿದ ಸೇಂಟ್ ಮಾರ್ಥಾ ಆಸ್ಪತ್ರೆ ಇತ್ತು. ಕಣ್ಣಿಗೆ ಮಾತ್ರ ಮೈಸೂರು ಸರ್ಕಾರವೇ ಮುಂದಾಗಿತ್ತು. 1896ರಲ್ಲಿ ಸಣ್ಣದಾಗಿ ಶುರುವಾದ ಚಿಕಿತ್ಸಾಲಯ 1913ರಲ್ಲಿ ಮಿಂಟೋ ಕಣ್ಣಾಸ್ಪತ್ರೆಯಾಗಿ ಹೊಸ ಕಟ್ಟಡಕ್ಕೆ ಬಂತು. ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋಗಿ ಕಾಟ್ಪಾಡಿಯಲ್ಲಿ ಇಳಿದರೆ ವೆಲ್ಲೂರು. ಐಡಾ ಸ್ಕಡರ್ 1900ರಲ್ಲಿ ಒಂದೇ ಹಾಸಿಗೆಯಿಂದ ತೊಡಗಿದ ಕೆಲಸ ಅಲ್ಲಿ 1902ರಲ್ಲಿ ಷೆಲ್ ಆಸ್ಪತ್ರೆಯಾಯಿತು, 1918ರಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಾಲೆಯಾಯಿತು. ಆ ಹಳೆಯ ಷೆಲ್ ಆಸ್ಪತ್ರೆ ಮುಂದೆ ವೆಲ್ಲೂರಿನ ಕಣ್ಣಿನ ವಿಭಾಗದ ನೆಲೆಯಾಯಿತು.

ಉತ್ತರಕ್ಕೆ ಹೊರಟರೆ ಅಜ್ಜಂಪುರ, ಹರಿಹರ, ಹುಬ್ಬಳ್ಳಿ. ಹುಬ್ಬಳ್ಳಿಯಲ್ಲಿ ರೈಲು ಬದಲಿಸಿದರೆ ಗದಗ-ಬೆಟಗೇರಿ. ಬಾಸೆಲ್ ಮಿಷನ್ ಅಲ್ಲಿ ಕಟ್ಟಿದ ಆಸ್ಪತ್ರೆ ಜನರ ಬಾಯಲ್ಲಿ 'ಜರ್ಮನ್ ಆಸ್ಪತ್ರೆ'. ಬದಲಿಸದೆ ಬೆಳಗಾವಿ ದಾಟಿದರೆ ಪುಣೆಯ ದಾರಿಯಲ್ಲಿ ಸಿಗುವುದು ಮೀರಜ್. ಅಲ್ಲಿ ಪ್ರೆಸ್ಬಿಟೇರಿಯನ್ ಮಿಷನ್ನಿನ ವಿಲಿಯಂ ವಾನ್ಲೆಸ್ 1894ರಲ್ಲಿ ಆಸ್ಪತ್ರೆ ತೆರೆದರು. ಕೆನಡಾದಲ್ಲಿ ಹುಟ್ಟಿದ ಈ ಶಸ್ತ್ರವೈದ್ಯರ ಹೆಸರನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದರಲ್ಲಿ ಪೊರೆಯ ಆಪರೇಷನ್ನುಗಳ ಪಾಲು ದೊಡ್ಡದು. ಮೀರಜಿನಲ್ಲಿ ಮರಾಠಿಯಷ್ಟೇ ಕನ್ನಡವೂ ಕೇಳಿಬರುತ್ತಿತ್ತು. ಗಡಿಯ ಆಚೀಚಿನ ರೋಗಿಗಳಿಗೆ ಅದು ತಮ್ಮದೇ ಆಸ್ಪತ್ರೆಯಾಗಿತ್ತು.

ಪಶ್ಚಿಮಕ್ಕೆ ಘಟ್ಟ ಇಳಿದರೆ ಚಿತ್ರ ಬೇರೆ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲಾರಂಭಿಸಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1902ರಲ್ಲಿ ಪ್ಲೇಗ್ ಆಸ್ಪತ್ರೆ. ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ತೆರೆದ ಆಸ್ಪತ್ರೆಯನ್ನು ಊರವರು ಇಂದಿಗೂ ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಮತ್ತೆ ಘಟ್ಟದ ಮೇಲೆ ಬಂದರೆ ಮೈಸೂರಿನ ಹೋಲ್ಡ್ಸ್‌ವರ್ತ್, ಹಾಸನದ ರೆಡ್‌ಫರ್ನ್ ಆಸ್ಪತ್ರೆಗಳು ವೆಸ್ಲಿಯನ್ ಮಿಷನ್ನಿನವು. ಚಿಕ್ಕಮಗಳೂರಿನಲ್ಲಿ ಕ್ಯಾಥೊಲಿಕ್ ಸಿಸ್ಟರ್‌ಗಳ ಹೋಲಿ ಕ್ರಾಸ್ ಆಸ್ಪತ್ರೆ ಇದೆ.

ಔಷಧಿ ಸುವಾರ್ತೆಯ ಕೈಯಾಳು ಎಂದವರು

ಮಿಷನ್ನುಗಳಿಗೆ ಮೊದಲಿನಿಂದಲೂ ವೈದ್ಯಕೀಯದ ಮೇಲೆ ಒಲವಿತ್ತು ಎಂದುಕೊಳ್ಳುವುದು ತಪ್ಪು. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಭಾರತಕ್ಕೆ ಅದು ತನ್ನ ಮೊದಲ ವೈದ್ಯ ಓಯ್ಗನ್ ಲೀಬೆನ್‌ಡೋರ್ಫರ್ ಅವರನ್ನು ಕಳಿಸಿದ್ದು 1886ರಲ್ಲಿ, ಅದೂ ಕ್ಯಾಲಿಕಟ್ಟಿಗೆ. ನಡುವಿನ 52 ವರ್ಷ ಶಾಲೆ, ಅಚ್ಚುಕೂಟ, ನೇಯ್ಗೆ, ಹೆಂಚಿನ ಕಾರ್ಖಾನೆಗಳೆಲ್ಲ ಬಂದವು, ಪೂರ್ಣಪ್ರಮಾಣದ ವೈದ್ಯ ಬರಲಿಲ್ಲ. ಆತ್ಮದ ರಕ್ಷಣೆ ಮೊದಲು, ದೇಹದ ಚಿಕಿತ್ಸೆ ಆಮೇಲೆ ಎಂಬುದು ಆಗಿನ ಮಂಡಳಿಗಳ ನಿಲುವು.

ವೈದ್ಯರನ್ನು ಕಳಿಸಲು ಕೊನೆಗೂ ಒಪ್ಪಿದಾಗ ಮಂಡಳಿಗಳು ಕೊಟ್ಟ ಕಾರಣ, ಆಸ್ಪತ್ರೆಯಿಂದ ಮುಚ್ಚಿದ ಬಾಗಿಲು ತೆರೆಯುತ್ತದೆ ಎನ್ನುವುದು. ಬೀದಿಯಲ್ಲಿ ನಿಂತು ಸಾರಿದರೆ ಕೇಳದವರು ಔಷಧಿಗೆ ಸಾಲಿನಲ್ಲಿ ಕುಳಿತಾಗ ಕೇಳುತ್ತಾರೆ. ಪುರುಷ ಪಾದ್ರಿಗೆ ಪ್ರವೇಶವಿಲ್ಲದ ಒಳಮನೆಗೆ ವೈದ್ಯೆ ಹೋಗಬಲ್ಲಳು. ಹಾಗಾಗಿ ಬೆಳಗಿನ ಚೀಟಿ ಕೊಡುವ ಮೊದಲು ಬೈಬಲ್ ಓದು, ಪ್ರಾರ್ಥನೆ, ವಾರ್ಡಿನಲ್ಲಿ ಬೈಬಲ್ ಹೆಂಗಸರ ಓಡಾಟ ಅನೇಕ ಆಸ್ಪತ್ರೆಗಳ ದಿನಚರಿಯಾಯಿತು.

ಈ ಪಂಥದ ವಾದದಿಂದ ಅರ್ಥವಾಗುವ ಸಂಗತಿಗಳು ಇವೆ. ಹಣ ಎಲ್ಲಿಂದ ಬಂತು ಎನ್ನುವುದಕ್ಕೆ ಅದು ಉತ್ತರ. ಸ್ವಿಟ್ಜರ್ಲೆಂಡಿನ, ಇಂಗ್ಲೆಂಡಿನ ಸಾಮಾನ್ಯ ವಿಶ್ವಾಸಿಗಳು ಕಾಸು ಕೂಡಿಸಿ ಕೊಟ್ಟದ್ದು ಕ್ರಿಸ್ತನ ಹೆಸರು ಹಬ್ಬಲಿ ಎಂದೇ. ಆದರೆ ಫಲಿತಾಂಶವನ್ನು ಅದು ವಿವರಿಸಲಾರದು. ಸಾಲಿನಲ್ಲಿ ಕುಳಿತು ಕೇಳಿದವರು ಔಷಧಿ ತೆಗೆದುಕೊಂಡು ನಮಸ್ಕಾರ ಹೇಳಿ ಮನೆಗೆ ಹೋದರು.

ಸೇವೆಯೇ ಸಾಕ್ಷಿ ಎಂದವರು

1932ರಲ್ಲಿ ಅಮೆರಿಕದ ಪ್ರೊಟೆಸ್ಟೆಂಟ್ ಜಗತ್ತಿನಲ್ಲಿ ಒಂದು ವರದಿ ಬಿರುಗಾಳಿ ಎಬ್ಬಿಸಿತು. ಹಾರ್ವರ್ಡಿನ ತತ್ವಶಾಸ್ತ್ರಜ್ಞ ವಿಲಿಯಂ ಅರ್ನೆಸ್ಟ್ ಹಾಕಿಂಗ್ ಅಧ್ಯಕ್ಷತೆಯ ತಂಡ ಭಾರತ, ಬರ್ಮಾ, ಚೀನಾ, ಜಪಾನಿನ ಮಿಷನ್ನುಗಳನ್ನು ಪರಿಶೀಲಿಸಿ ಬಂದಿತ್ತು. ವೈದ್ಯಕೀಯ ಮತ್ತು ಶಿಕ್ಷಣದ ಕೆಲಸವನ್ನು ಮತಪ್ರಚಾರದ ಹೊಣೆಯಿಂದ ಬಿಡಿಸಬೇಕು, ಹಾಸಿಗೆ ಬಿಟ್ಟು ಏಳಲಾಗದ ರೋಗಿಗೆ ಬೋಧಿಸುವುದು ಸಲ್ಲದು ಎಂಬುದು ಅದರ ಸಲಹೆ. ಸಂಪ್ರದಾಯಸ್ಥರು ಕೆರಳಿದರು. ಅನೇಕ ವೈದ್ಯರಿಗೆ ಮಾತ್ರ ತಾವು ಆಗಲೇ ಹಾಗೆ ಬದುಕುತ್ತಿದ್ದೇವೆ ಅನ್ನಿಸಿತ್ತು.

ಅಂಥವರಲ್ಲಿ ವಿಕ್ಟರ್ ರಾಂಬೋ ಒಬ್ಬರು. ಮಧ್ಯಪ್ರಾಂತದ ಮುಂಗೇಲಿಯಲ್ಲಿ ವರ್ಷಗಟ್ಟಲೆ ಕಣ್ಣಿನ ಕೆಲಸ ಮಾಡಿ ಅವರು 1947ರಲ್ಲಿ ವೆಲ್ಲೂರಿಗೆ ಬಂದರು. ರೋಗಿ ಬರಲಿ ಎಂದು ಕಾಯದೆ ಆಸ್ಪತ್ರೆಯನ್ನೇ ಹಳ್ಳಿಗೆ ಒಯ್ಯುವ ಶಿಬಿರ ಪದ್ಧತಿಯನ್ನು ಅಲ್ಲಿ ಬೇರೂರಿಸಿದರು. ವಾಯವ್ಯದ ಗಡಿಯಲ್ಲಿ ಕ್ವೆಟ್ಟಾದ ಹೆನ್ರಿ ಹಾಲೆಂಡ್ ಇನ್ನೊಬ್ಬರು. ಸಿಂಧ್‌ನ ಶಿಕಾರ್‌ಪುರದಲ್ಲಿ ಅವರು ಪ್ರತಿ ವರ್ಷ ನಡೆಸುತ್ತಿದ್ದ ಕಣ್ಣಿನ ಚಿಕಿತ್ಸೆಗೆ ಬೆಂಬಲವಾಗಿ ನಿಂತವರು ಸೇಠ್ ಹೀರಾನಂದ್ ಎಂಬ ಹಿಂದೂ ವರ್ತಕರು. ರೋಗಿಗಳಲ್ಲಿ ಬಹುಪಾಲು ಮುಸ್ಲಿಮರು. ಹಣ ಹಿಂದೂವಿನದು, ಕೈ ಕ್ರೈಸ್ತನದು, ಕಣ್ಣು ಮುಸ್ಲಿಮನದು. ಈ ಏರ್ಪಾಡು ವರ್ಷಗಟ್ಟಲೆ ನಡೆಯಿತು. 1960ರಲ್ಲಿ ಹಾಲೆಂಡ್ ಮತ್ತು ಅವರ ಮಗ ರೊನಾಲ್ಡ್ ಇಬ್ಬರಿಗೂ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಈ ಪಂಥದಲ್ಲಿ ತಡೆದು ನಿಂತು ನೋಡಬೇಕಾದವರು ಮಾರ್ಗರೆಟ್ ಬ್ರ್ಯಾಂಡ್. ಕುಷ್ಠರೋಗಿಗಳ ಕೈ ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಹೆಸರಾದ ಪಾಲ್ ಬ್ರ್ಯಾಂಡ್ ಅವರ ಪತ್ನಿ. ವೆಲ್ಲೂರಿಗೆ ಬಂದಾಗ ಅವರಿಗೆ ಕಣ್ಣಿನ ವೈದ್ಯಕೀಯದ ತರಬೇತಿ ಇರಲಿಲ್ಲ. ಆ ವಿಭಾಗಕ್ಕೆ ಜನ ಬೇಕಾಗಿತ್ತು, ಕೆಲಸ ಮಾಡುತ್ತಲೇ ಕಲಿತರು. ಕುಷ್ಠದಲ್ಲಿ ರೆಪ್ಪೆ ಮುಚ್ಚುವ ನರ ಸೋಲುತ್ತದೆ, ಕಣ್ಣಿನ ಕಪ್ಪುಗುಡ್ಡೆಯ ಸ್ಪರ್ಶಜ್ಞಾನ ಹೋಗುತ್ತದೆ. ಧೂಳು ಬಿದ್ದರೂ ಉರಿಯುವುದಿಲ್ಲ, ಮಿಟುಕಿಸಬೇಕು ಅನ್ನಿಸುವುದಿಲ್ಲ, ಕಣ್ಣು ಒಣಗಿ ಹುಣ್ಣಾಗುತ್ತದೆ. ಬೇರೆ ಕುರುಡರಿಗೆ ಬೆರಳ ತುದಿಯ ಸ್ಪರ್ಶವಾದರೂ ಆಸರೆ. ಕುಷ್ಠದಿಂದ ಬೆರಳೂ ಜಡವಾದವರಿಗೆ ಅದೂ ಇಲ್ಲ, ಬ್ರೈಲ್ ಓದುವಂತಿಲ್ಲ. ಮಾರ್ಗರೆಟ್ ತಮ್ಮ ವೃತ್ತಿಜೀವನವನ್ನು ಇಂಥವರ ಕಣ್ಣಿಗೆ ಮುಡಿಪಿಟ್ಟರು. ಮನೆಯವರೇ ಹೊರಗಿಟ್ಟವರ ಮುಖದ ಹತ್ತಿರಕ್ಕೆ ಮುಖ ತಂದು ಕಣ್ಣು ಪರೀಕ್ಷಿಸುವ ವೈದ್ಯೆಯನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಏನು ಎಂದು ಕೇಳಿದರೆ 'ನಂಬಿಕೆ' ಎಂಬ ಉತ್ತರವನ್ನು ತಳ್ಳಿಹಾಕುವುದು ಕಷ್ಟ.

ಚಿಕಿತ್ಸೆ ವೈದ್ಯನೊಬ್ಬನ ಕೆಲಸವಲ್ಲ, ಇಡೀ ಕ್ರೈಸ್ತ ಸಭೆಯ ಹೊಣೆ ಎಂದು 1964ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸೇರಿದ ಕ್ರೈಸ್ತ ವೈದ್ಯಕೀಯ ಚಿಂತಕರು ಹೇಳಿದರು. ವೆಲ್ಲೂರಿನಲ್ಲಿ ಕಲಿತ ರಜನಿಕಾಂತ್ ಮತ್ತು ಮೇಬಲ್ ಆರೋಳೆ ದಂಪತಿ 1970ರಲ್ಲಿ ಮಹಾರಾಷ್ಟ್ರದ ಜಾಮಖೇಡದಲ್ಲಿ ಹಳ್ಳಿಯ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರಾಗಿ ಬೆಳೆಸಿ ತೋರಿಸಿದ್ದು ಅದೇ ಹಾದಿಯಲ್ಲಿ.

ಗಾಂಧಿಯ ಆಕ್ಷೇಪ, ಕಾನೂನಿನ ಪ್ರವೇಶ

ಗಾಂಧಿಗೆ ಮಿಷನರಿಗಳಲ್ಲಿ ಆಪ್ತ ಗೆಳೆಯರಿದ್ದರು. ಆದರೂ 1931ರಲ್ಲಿ ಅವರು ತಮ್ಮ ನಿಲುವನ್ನು ಖಚಿತವಾಗಿ ಮುಂದಿಟ್ಟರು: ಆಸ್ಪತ್ರೆ, ಶಾಲೆಗಳನ್ನು ಸೇವೆಗಾಗಿಯೇ ನಡೆಸಿದರೆ ಸ್ವಾಗತ, ಅವುಗಳ ಮೂಲಕ ಮತಾಂತರ ಮಾಡಹೊರಟರೆ ಬೇಡ. ರೋಗಿ ದುರ್ಬಲ, ವೈದ್ಯ ಪ್ರಬಲ. ಅವರ ನಡುವೆ ಮತದ ಮಾತು ಬಂದರೆ ಅದು ಸಮಾನರ ಸಂವಾದವಾಗದು ಎಂಬುದು ಈ ಆಕ್ಷೇಪದ ತಿರುಳು. ಇದಕ್ಕೆ ನೇರವಾಗಿ ಉತ್ತರಿಸುವುದು ಮೊದಲ ಪಂಥದವರಿಗೆ ಎಂದೂ ಸುಲಭವಾಗಲಿಲ್ಲ.

ಸ್ವಾತಂತ್ರ್ಯದ ನಂತರ ವಾದ ಸರ್ಕಾರದ ಅಂಗಳಕ್ಕೆ ಬಂತು. ಮಧ್ಯಪ್ರದೇಶದ ನಿಯೋಗಿ ಸಮಿತಿ 1956ರಲ್ಲಿ ಮಿಷನ್ ಸಂಸ್ಥೆಗಳ ಮೇಲೆ ಕಟುವಾದ ವರದಿ ಕೊಟ್ಟಿತು. ಮತ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ಕರ್ನಾಟಕದ 2022ರ ಕಾಯ್ದೆ ಉಡುಗೊರೆ, ವಸ್ತುರೂಪದ ಲಾಭ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಇವನ್ನೆಲ್ಲ 'ಆಮಿಷ'ದ ವ್ಯಾಖ್ಯೆಗೆ ಸೇರಿಸಿತು. ಅದನ್ನು ಹಿಂತೆಗೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಉಚಿತ ಚಿಕಿತ್ಸೆಯನ್ನೂ ಆಮಿಷವೆಂದು ಕರೆದರೆ ಬಡರೋಗಿಯ ಕಣ್ಣಿಗೆ ಬೆಲೆ ಕಟ್ಟಿದಂತಾಗುತ್ತದೆ. ಚಿಕಿತ್ಸೆಗೆ ಷರತ್ತು ಇತ್ತೇ ಎಂದು ಕೇಳುವುದು ಅದಕ್ಕಿಂತ ನ್ಯಾಯವಾದ ಪರೀಕ್ಷೆ.

ಇತಿಹಾಸಕಾರರು ಕಂಡದ್ದು

1990ರ ದಶಕದಿಂದ ಈಚೆಗೆ ವಿಶ್ವವಿದ್ಯಾಲಯಗಳ ಇತಿಹಾಸಕಾರರು ವಾದಕ್ಕೆ ಇಳಿದರು. ವಸಾಹತು ಆಡಳಿತ ಭಾರತೀಯರ ದೇಹವನ್ನೇ ಆಳ್ವಿಕೆಯ ನೆಲವಾಗಿ ಮಾಡಿಕೊಂಡಿತು ಎಂದು ಡೇವಿಡ್ ಆರ್ನಾಲ್ಡ್ 1993ರ ತಮ್ಮ ಕೃತಿಯಲ್ಲಿ ವಾದಿಸಿದರು. ಆ ಬೆಳಕಿನಲ್ಲಿ ಮಿಷನ್ ಆಸ್ಪತ್ರೆಗಳ ವರದಿಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಂಡಿತು. ದೇಹದ ಕುರುಡನ್ನೂ ಮತದ ಕುರುಡನ್ನೂ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಅಲ್ಲಿದೆ. ಊರಿನ ವೈದ್ಯ, ನಾಟಿ ಔಷಧಿ, ಹರಕೆ ಎಲ್ಲವೂ ಕತ್ತಲೆಯ ಲೆಕ್ಕಕ್ಕೆ ಜಮೆ.

ಗುಜರಾತಿನ ಭಿಲ್ಲರ ನಡುವಿನ ಮಿಷನ್ ವೈದ್ಯಕೀಯವನ್ನು ಅಧ್ಯಯನ ಮಾಡಿದ ಡೇವಿಡ್ ಹಾರ್ಡಿಮನ್ 2008ರ ಪುಸ್ತಕದಲ್ಲಿ ಚಿತ್ರವನ್ನು ಇನ್ನೂ ಸೂಕ್ಷ್ಮಗೊಳಿಸಿದರು. ಜನ ತಮಗೆ ಬೇಕಾದದ್ದನ್ನು ಆರಿಸಿಕೊಂಡರು, ಬೇಡವಾದದ್ದನ್ನು ಬಿಟ್ಟರು. ಔಷಧಿ ಒಪ್ಪಿದ ಮಾತ್ರಕ್ಕೆ ಅದನ್ನು ಕೊಟ್ಟವರ ಜಗತ್ತನ್ನೆಲ್ಲ ಒಪ್ಪಲಿಲ್ಲ.

ವಸಾಹತು ವಾದಕ್ಕೂ ಒಂದು ಮಿತಿ ಇದೆ. ಬಾಸೆಲ್ ಮಿಷನ್ನಿನ ಜರ್ಮನರು ಬ್ರಿಟಿಷ್ ಸಾಮ್ರಾಜ್ಯದ ಮಕ್ಕಳಲ್ಲ. ಮೊದಲ ಮಹಾಯುದ್ಧ ಬಂದಾಗ ಆ ಸಾಮ್ರಾಜ್ಯವೇ ಅವರನ್ನು ಶತ್ರುಗಳೆಂದು ಅಹ್ಮದ್‌ನಗರದ ಶಿಬಿರದಲ್ಲಿ ಕೂಡಿಹಾಕಿತು. ಇತ್ತ ಮೈಸೂರು ಸೀಮೆಯಲ್ಲಿ ಮಹಾರಾಜರ ಸರ್ಕಾರ ತನ್ನದೇ ಆಸ್ಪತ್ರೆಗಳನ್ನು ಕಟ್ಟುತ್ತಿತ್ತು. ಎಲ್ಲ ಮಿಷನ್ ವೈದ್ಯರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಡಾ. ಎಂ.ಸಿ. ಮೋದಿ ಎತ್ತಿದ ಪ್ರಶ್ನೆ

ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಮುರುಗಪ್ಪ ಚನ್ನವೀರಪ್ಪ ಮೋದಿ ಯಾವ ಮಿಷನ್ನಿನವರೂ ಅಲ್ಲ. 1942ರ ಚಳವಳಿಯ ದಿನಗಳಲ್ಲಿ ಗಾಂಧಿಯ ಮಾತಿನಿಂದ ಪ್ರೇರಿತರಾಗಿ ಉಚಿತ ಕಣ್ಣಿನ ಶಿಬಿರಗಳ ದಾರಿ ಹಿಡಿದರು. ಊರೂರಿನ ಶಾಲೆ, ಛತ್ರಗಳಲ್ಲಿ ಸಾಲುಸಾಲಾಗಿ ಮಲಗಿಸಿದ ರೋಗಿಗಳ ನಡುವೆ ಸಾಗುತ್ತ, ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ದಾಖಲೆ ಅವರದು. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಬಂತು. ಮಧುರೆಯಲ್ಲಿ ಗೋವಿಂದಪ್ಪ ವೆಂಕಟಸ್ವಾಮಿ 1976ರಲ್ಲಿ 11 ಹಾಸಿಗೆಗಳಿಂದ ಕಟ್ಟಿದ ಅರವಿಂದ ಕಣ್ಣಾಸ್ಪತ್ರೆಗೆ ಸ್ಫೂರ್ತಿ ಶ್ರೀ ಅರವಿಂದರು. ಇಂದು ಬೀರೂರು, ತರೀಕೆರೆ ಕಡೆಯವರು ಪೊರೆ ತೆಗೆಸಲು ಹೋಗುವ ಹತ್ತಿರದ ದೊಡ್ಡ ಜಾಗ ಶಿವಮೊಗ್ಗದ ಹರಕೆರೆಯಲ್ಲಿ 2008ರಲ್ಲಿ ಶುರುವಾದ ಶಂಕರ ಕಣ್ಣಿನ ಆಸ್ಪತ್ರೆ; ಅದರ ಬೇರು ಕಂಚಿ ಮಠದ ಪ್ರೇರಣೆಯಲ್ಲಿದೆ.

ಹೀಗಿರುವಾಗ ಈ ಕೆಲಸದಲ್ಲಿ ಕ್ರೈಸ್ತ ಎನ್ನುವಂಥದ್ದು ಏನಾದರೂ ಇದೆಯೇ? ನಂಬಿಕೆ ಯಾವುದಾದರೂ ಸರಿ, ಸೇವೆ ಒಂದೇ ಎನ್ನುತ್ತಾರೆ ಕೆಲವರು. ಅದು ಅರ್ಧ ನಿಜ. ವ್ಯತ್ಯಾಸ ಕಾಣುವುದು ಎರಡು ಕಡೆ. ಒಂದು, ನರ್ಸಿಂಗ್. ಮೇಲುಜಾತಿಯ ಮನೆಗಳು ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸಲು ಒಪ್ಪದ ಕಾಲದಲ್ಲಿ, ಇನ್ನೊಬ್ಬರ ಗಾಯ ತೊಳೆಯುವುದನ್ನು ಗೌರವದ ವೃತ್ತಿಯಾಗಿ ನಿಲ್ಲಿಸಿದ್ದರಲ್ಲಿ ಕ್ರೈಸ್ತ ಹೆಣ್ಣುಮಕ್ಕಳದು ದೊಡ್ಡ ಪಾಲು. ಎರಡು, ಕುಷ್ಠದಂಥ ರೋಗ. ಯಾವ ಪ್ರಶಸ್ತಿಯೂ ಯಾವ ದಾಖಲೆಯೂ ಇಲ್ಲದ ವಾರ್ಡುಗಳಲ್ಲಿ ದಶಕಗಟ್ಟಲೆ ನಿಂತವರಲ್ಲಿ ಸಿಸ್ಟರ್‌ಗಳು, ಮಿಷನ್ ವೈದ್ಯರೇ ಹೆಚ್ಚು. ಬೆಂಗಳೂರಿನ ಸುಮನಹಳ್ಳಿಯ ಕುಷ್ಠರೋಗಿಗಳ ಕೇಂದ್ರವನ್ನು ನಡೆಸಿದ ಕ್ಲಾರೇಷಿಯನ್ ಪಾದ್ರಿ ಜಾರ್ಜ್ ಕಣ್ಣಂತಾನಂ ಮುಂದೆ ನೇತ್ರದಾನದ ಪ್ರಚಾರಕ್ಕೆ ಇಳಿದದ್ದು ಈ ಪರಂಪರೆಯ ಇತ್ತೀಚಿನ ಉದಾಹರಣೆ. ಮರಣಾನಂತರ ದೇಹದ ಪುನರುತ್ಥಾನವನ್ನು ನಂಬುವ ಧರ್ಮದ ಪಾದ್ರಿಯೇ ಕಣ್ಣು ಕೊಟ್ಟು ಹೋಗಿ ಎನ್ನುತ್ತಿರುವುದು ಗಮನಿಸಬೇಕಾದ ಮಾತು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ಕನ್ನಡಿಗರಿಗೆ ಆ ಕರೆ ಇನ್ನಷ್ಟು ಹತ್ತಿರವಾಗಿದೆ.

ಇನ್ನೂ ತೀರದ್ದು

ಕೇಂದ್ರ ಸರ್ಕಾರ 1976ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಕಣ್ಣಿನೊಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ಬಂದಮೇಲೆ ಛತ್ರದ ಶಿಬಿರಗಳು ನಿಂತು ಕೆಲಸ ಆಸ್ಪತ್ರೆಗೆ ಮರಳಿತು. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುರುಡುತನದ ಪ್ರಮಾಣ ಶೇಕಡಾ 0.36ಕ್ಕೆ ಇಳಿದಿದೆ, 50 ದಾಟಿದವರಲ್ಲಿ ಅದಕ್ಕೆ ಕಾರಣ ಇಂದಿಗೂ ಮೂರರಲ್ಲಿ ಎರಡು ಪಾಲು ಪೊರೆಯೇ. ಸರ್ಕಾರ, ವಿಮೆ, ಖಾಸಗಿ ಆಸ್ಪತ್ರೆಗಳು ತುಂಬಿಕೊಂಡ ಈ ಹೊತ್ತಿನಲ್ಲಿ ಮಿಷನ್ ಆಸ್ಪತ್ರೆಗೆ ಉಳಿದ ಕೆಲಸ ಯಾವುದು ಎಂಬುದನ್ನು ಸಭೆಗಳು ಇನ್ನೂ ತೀರ್ಮಾನಿಸಿಲ್ಲ. ಎಲ್ಲರಂತೆ ದರ ಪಟ್ಟಿ ಹಾಕಿ ಉಳಿಯಬೇಕೇ, ಯಾರೂ ಹೋಗದ ಕಡೆ ಹೋಗಿ ಸಣ್ಣದಾಗಬೇಕೇ?

ಒಳಗಿನ ಪ್ರೇರಣೆಯನ್ನು ಹೊರಗಿನವರು ಅಳೆಯಬಹುದೇ ಎಂಬುದೂ ತೀರಿಲ್ಲ. ಒಬ್ಬನೇ ವೈದ್ಯ ಬೆಳಿಗ್ಗೆ ಮತಾಂತರದ ಆಸೆಯಿಂದ ಪ್ರಾರ್ಥಿಸಿ ಮಧ್ಯಾಹ್ನ ಯಾವ ಭೇದವೂ ಇಲ್ಲದೆ ಪೊರೆ ತೆಗೆದಿರಬಹುದು. ಯಾವುದು ಅವನ ನಿಜ ಎಂದು ತೀರ್ಪು ಕೊಡಲು ಮೇಲಿನ ಯಾವ ಪಂಥಕ್ಕೂ ಸಾಕ್ಷ್ಯ ಸಾಲದು.

ಎಲ್ಲಕ್ಕಿಂತ ದೊಡ್ಡ ಕೊರತೆ ರೋಗಿಗಳ ಮಾತಿನದು. ಈ ವಾದದ ಎಲ್ಲ ಪಕ್ಷಗಳೂ ವೈದ್ಯರ ಪತ್ರ, ಮಂಡಳಿಯ ವರದಿ, ಸರ್ಕಾರದ ಕಡತಗಳ ಮೇಲೆ ನಿಂತಿವೆ. ಸಾಲಿನಲ್ಲಿ ಕುಳಿತು ಬೈಬಲ್ ಓದು ಕೇಳಿಸಿಕೊಂಡ ಕನ್ನಡದ ಹೆಂಗಸು ಅದನ್ನು ಏನೆಂದು ತೆಗೆದುಕೊಂಡಳು? ಕಣ್ಣು ಬಂದಮೇಲೆ ಹರಕೆಯನ್ನು ಯಾವ ದೇವರಿಗೆ ತೀರಿಸಿದಳು? ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜುಗಳಲ್ಲಿ ಮಿಷನ್ ದಾಖಲೆಗಳ ಭಂಡಾರವಿದೆ. ಚಿಕ್ಕಮಗಳೂರು, ಶಿವಮೊಗ್ಗ ಜಿಲ್ಲೆಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಕೈಗೆಟಕುವಷ್ಟು ಹತ್ತಿರ. ಕಾಗದದ ದಾಖಲೆಗೆ ಆತುರವಿಲ್ಲ, ಅದು ಕಾಯುತ್ತದೆ. ಆ ಆಸ್ಪತ್ರೆಗಳಲ್ಲಿ ಮಲಗೆದ್ದು ಬಂದವರು ಈಗ ಎಂಬತ್ತು, ತೊಂಬತ್ತು ದಾಟಿದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸ ಈ ವರ್ಷವೇ ಶುರುವಾಗಬೇಕು.